ಕೈ ತೊದಲುವ ಡಿಸ್ಕ್

ನನ್ನ ಅಂಗಡಿಯಿಂದ ಹೊರಟ ಡಿಸ್ಕ್ ಹಿಂದಿರುಗಿ ಬರುವುದು ಅಪರೂಪ. ಬಂದರೂ ಗೀರು ಬಿದ್ದಿದ್ದಕ್ಕೋ, ಮನೆಯ ಮಕ್ಕಳು ಅದನ್ನು ಗಾಲಿ ಮಾಡಿಕೊಂಡು ಉರುಳಿಸಿದ್ದಕ್ಕೋ ಬರುತ್ತದೆ. ಹಾಗಾಗಿ ಲ್ಯಾಬ್ ಮೇಡಂ ಅವತ್ತು ಮಧ್ಯಾಹ್ನ ಬಂದು, ನಾಲ್ಕು ದಿನದ ಹಿಂದೆ ನಾನೇ ಕೊಟ್ಟಿದ್ದ ಡಿಸ್ಕನ್ನು ಕೌಂಟರ್ ಮೇಲೆ ಇಟ್ಟಾಗ ನಾನು ಮೊದಲು ನೋಡಿದ್ದು ಅದರ ಬೆನ್ನನ್ನು. ಕನ್ನಡಿ ಹಾಗೆ ಹೊಳೆಯುತ್ತಿತ್ತು.

"ಏನಾಯ್ತಮ್ಮ, ಓಡ್ತಿಲ್ವಾ?"

"ಓಡ್ತದೆ ಅಣ್ಣ. ಆದ್ರೆ ಅಮ್ಮನ ಕೈ ತೊದಲ್ತಿದೆ ಅಂತಾರೆ ಅಪ್ಪ."

ನಾಲಿಗೆ ತೊದಲುವುದು ಕೇಳಿದ್ದೆ. ಕೈ ತೊದಲುವುದು ಅಂದರೇನು ಅಂತ ತಿಳಿಯದೆ ಅವಳ ಮುಖ ನೋಡಿದೆ.

ಲ್ಯಾಬ್ ಮೇಡಂ ಅಂದರೆ ಮೂಲೆಯ ಆಸ್ಪತ್ರೆಯಲ್ಲಿ ರಕ್ತ ತೆಗೆಯುವ ಹುಡುಗಿ. ಮೂವತ್ತರ ಆಸುಪಾಸು ಇರಬಹುದು. ಸೂಜಿ ಚುಚ್ಚಿದ್ದು ಗೊತ್ತಾಗುವ ಮೊದಲೇ ಹತ್ತಿ ಒತ್ತಿ ಮೊಣಕೈ ಮಡಚಿಸಿರುತ್ತಾಳೆ. ನನ್ನ ಸಕ್ಕರೆ ಕಾಯಿಲೆ ಹುಟ್ಟಿದ ತಾರೀಖಿನಿಂದ ಹಿಡಿದು ಇವತ್ತಿನ ತನಕದ ಚರಿತ್ರೆ ಅವಳಿಗೆ ಗೊತ್ತು. ಅವಳ ಮನೆಯ ವಿಷಯ ಮಾತ್ರ ನನಗೆ ಏನೂ ಗೊತ್ತಿರಲಿಲ್ಲ.

"ನಮ್ಮ ಅಪ್ಪ ಅಮ್ಮ ಇಬ್ಬರಿಗೂ ಕಿವಿ ಕೇಳಲ್ಲ ಅಣ್ಣ. ಹುಟ್ಟಿದಾಗಿಂದ್ಲೂ. ಮನೇಲಿ ಮಾತೆಲ್ಲ ಕೈಯಲ್ಲೇ. ನೀವು ಡಿಸ್ಕ್ ಮಾಡಿಕೊಟ್ರಲ್ಲ, ಆ ಟೇಪಲ್ಲಿ ಅಮ್ಮ ಮಾತಾಡ್ತಿದಾರೆ. ಐವತ್ತು ನಿಮಿಷ."

ಆಗ ನನಗೆ ಒಳಗೊಳಗೇ ನಾಚಿಕೆ ಆಯಿತು. ಯಾಕೆ ಅಂತ ಹೇಳಬೇಕು.

ಮನೆಮನೆಯಲ್ಲೂ ಟಿ.ವಿ. ಕೆಳಗೆ ಒಂದು ಡಿವಿಡಿ ಪ್ಲೇಯರ್ ಇದ್ದ ಕಾಲ ಅದು. ಹಳೆಯ ಟೇಪುಗಳನ್ನು ಡಿಸ್ಕಿಗೆ ಹಾಕಿಸಿಕೊಳ್ಳಲು ಜನ ಚೀಲದಲ್ಲಿ ತುಂಬಿಕೊಂಡು ಬರುತ್ತಿದ್ದರು. ಒಂದೊಂದನ್ನೂ ಕೂತು ನೋಡಿದರೆ ಬೇರೆ ಕೆಲಸ ಯಾರು ಮಾಡುತ್ತಾರೆ? ಅದಕ್ಕೆ ನಾನು ಒಂದು ಅಭ್ಯಾಸ ಮಾಡಿಕೊಂಡಿದ್ದೆ. ತಯಾರಾದ ಡಿಸ್ಕನ್ನು ಕಂಪ್ಯೂಟರಿಗೆ ಹಾಕಿ, ದನಿ ಜೋರು ಮಾಡಿ, ಪಾಸ್‌ಪೋರ್ಟ್ ಫೋಟೊ ಕತ್ತರಿಸುತ್ತ ಕಿವಿಯಲ್ಲೇ ಪರೀಕ್ಷೆ ಮಾಡುತ್ತಿದ್ದೆ. ಮದುವೆ ಮನೆಯ ಗದ್ದಲ, ಹುಟ್ಟುಹಬ್ಬದ ಚಪ್ಪಾಳೆ, ಯಾರೋ ಯಾರನ್ನೋ ಕರೆಯುವುದು. ದನಿ ಎಲ್ಲೂ ಮುಗ್ಗರಿಸಲಿಲ್ಲ ಅಂದರೆ ಚಿತ್ರವೂ ಮುಗ್ಗರಿಸಿಲ್ಲ ಅಂತ ಲೆಕ್ಕ. ಮೊದಲು ಅಂಗಡಿಯಲ್ಲೊಂದು ಟಿ.ವಿ. ಇತ್ತು. ಮನೆಯ ಟಿ.ವಿ. ಕೆಟ್ಟಾಗ ನನ್ನ ಹೆಂಡತಿ, ಎರಡೇ ದಿನ ಅಂತ ಹೇಳಿ ಅದನ್ನು ಮಹಡಿಗೆ ಹೊತ್ತುಕೊಂಡು ಹೋದಳು. ಅವಳ ಧಾರಾವಾಹಿ ಮುಗಿಯಲಿಲ್ಲ, ಟಿ.ವಿ. ಇಳಿಯಲಿಲ್ಲ.

ಲ್ಯಾಬ್ ಮೇಡಂನ ಡಿಸ್ಕನ್ನೂ ನಾನು ಹೀಗೇ ನೋಡಿದ್ದು, ಅಂದರೆ ಕೇಳಿದ್ದು. ಐವತ್ತು ನಿಮಿಷ ಒಂದು ಫ್ಯಾನ್ ತಿರುಗಿದ ಸದ್ದು, ನಡುವೆ ಎಲ್ಲೋ ನಾಯಿ ಬೊಗಳಿದ್ದು. ಫ್ಯಾನ್ ನಿಲ್ಲದೆ ತಿರುಗಿತು, ನಾನೂ ಪಾಸು ಮಾಡಿದೆ.

ಅದನ್ನೆಲ್ಲ ಅವಳಿಗೆ ಹೇಳಲಿಲ್ಲ. "ಬಿಡು, ಬೇರೆ ಮಾಡಿಕೊಡ್ತೀನಿ" ಅಂದೆ.

ಅವಳು ಹೋಗಲಿಲ್ಲ. ಬ್ಯಾಗಿನ ಜಿಪ್ಪನ್ನು ಹಿಂದೆ ಮುಂದೆ ಎಳೆಯುತ್ತ ನಿಂತಳು. "ಅಮ್ಮ ಹೋಗಿ ಎಂಟು ತಿಂಗಳಾಯ್ತು ಅಣ್ಣ. ಅವತ್ತಿಂದ ಅಪ್ಪ ಕೈ ಎತ್ತಿಲ್ಲ. ಊಟ ಬೇಕಾ ಅಂದ್ರೆ ತಲೆ ಆಡಿಸ್ತಾರೆ, ಅಷ್ಟೇ. ನಾನು ಎದುರಿಗೆ ಕೂತು ಮಾತಿಗೆ ಎಳೆದ್ರೆ ಎದ್ದು ಹೋಗಿ ಲೈಟ್ ಆರಿಸಿಬಿಡ್ತಾರೆ. ನಮ್ಮನೇಲಿ ಲೈಟ್ ಆರಿಸಿದ್ರೆ ಮಾತು ಮುಗೀತು ಅಂತ ಅರ್ಥ. ಕತ್ತಲಲ್ಲಿ ಕೈ ಕಾಣ್ಸಲ್ವಲ್ಲ. ಅಮ್ಮನ್ನ ಒಂದು ಸಲ ನೋಡಿದ್ರೆ ಕೈ ಬಿಡಿಸ್ಕೋತಾರೇನೋ ಅಂತ ಈ ಟೇಪ್ ಹುಡುಕಿ ತಂದೆ. ನೋಡೋಕೆ ಕೂತ್ರು. ಮೂರೇ ನಿಮಿಷ. ಇದು ಅವಳಲ್ಲ, ಅವಳ ಕೈ ತೊದಲ್ತಿದೆ ಅಂತ ತೋರಿಸಿ ಎದ್ದುಬಿಟ್ರು. ಎಂಟು ತಿಂಗಳಲ್ಲಿ ಅವರು ಆಡಿದ್ದು ಅದೊಂದೇ ಮಾತು."

ಇಷ್ಟು ಕೇಳಿದ ಮೇಲೆ ಕತ್ತರಿ ಕೈಯಲ್ಲಿ ಹಿಡಿದು ಕೂರಲು ಆಗಲಿಲ್ಲ.

ಡಿಸ್ಕ್ ತಡೆದು ತಡೆದು ಓಡಿದರೆ ಈ ಕಸುಬಿನಲ್ಲಿ ನಾವು ಮಾಡುವ ಮದ್ದು ಮೂರು ಇವೆ. ಬರೆಯುವ ವೇಗ ಇಳಿಸುವುದು ಒಂದು. ಆತುರದಲ್ಲಿ ಬರೆದ ಡಿಸ್ಕನ್ನು ಕೆಲವು ಪ್ಲೇಯರುಗಳು ಓದಲು ತಿಣುಕುತ್ತವೆ. ಇನ್ನೊಂದು, ಒಳ್ಳೆಯ ಡಿಸ್ಕ್ ಬಳಸುವುದು. ಆಮೇಲೆ, ಒಂದೊಂದು ಸೆಕೆಂಡಿಗೂ ತುರುಕುವ ಚಿತ್ರದ ಭಾರವನ್ನು ಸ್ವಲ್ಪ ಕಡಿಮೆ ಮಾಡುವುದು. ಹಳೆಯ ಪ್ಲೇಯರಿಗೆ ದೊಡ್ಡ ತುತ್ತು ಇಟ್ಟರೆ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಟೇಪಿನಿಂದ ಕಂಪ್ಯೂಟರಿಗೆ ಇಳಿಸಿಕೊಂಡಿದ್ದನ್ನು ವಾರಕ್ಕೊಮ್ಮೆ ಅಳಿಸುತ್ತೇನೆ ಅಂತ ಹೇಳಿಕೊಂಡು ತಿಂಗಳುಗಟ್ಟಲೆ ಅಳಿಸದೆ ಇರುವವನು ನಾನು. ಆ ಸೋಮಾರಿತನ ಅವತ್ತು ಕೈ ಹಿಡಿಯಿತು. ಅವಳ ಟೇಪು ಒಂದು ಕಡೆ ಸುಕ್ಕುಗಟ್ಟಿತ್ತು, ಮತ್ತೊಮ್ಮೆ ಓಡಿಸಲು ನನಗೆ ಧೈರ್ಯ ಇರಲಿಲ್ಲ.

ಮೂರು ಮದ್ದನ್ನೂ ಒಟ್ಟಿಗೇ ಅರೆದು ಎರಡನೇ ಡಿಸ್ಕ್ ಮಾಡಿದೆ. ಮಾರನೇ ದಿನವೇ ಅದೂ ವಾಪಸ್ ಬಂತು.

"ಹಾಗೇ ಇದೆ ಅಣ್ಣ" ಅಂದಳು. ಬೈದಿದ್ದರೆ ಚೆನ್ನಾಗಿತ್ತು, ಬೈಯಲಿಲ್ಲ. "ಟೇಪ್ ವಾಪಸ್ ಕೊಡಿ. ಅಪ್ಪ ಇನ್ನೊಂದು ಸಲ ನೋಡಲ್ಲ ಅಂತ ಮುಖ ತಿರುಗಿಸಿದ್ರು. ಟ್ರಂಕಲ್ಲಿ ಇಟ್ಟುಬಿಡ್ತೀನಿ."

"ಕಂಪ್ಯೂಟರಲ್ಲಿ ಸರಿಯಾಗೇ ಬರ್ತಿದೆಯಲ್ಲಮ್ಮ, ನೋಡು ಬೇಕಾದ್ರೆ" ಅಂತ ಪರದೆ ಅವಳ ಕಡೆ ತಿರುಗಿಸಿದೆ.

ಅವಳು ಬಗ್ಗಿ ನೋಡಿದಳು. ಹೂವಿನ ಸೀರೆ ಉಟ್ಟ ದುಂಡು ಮುಖದ ಹೆಂಗಸು ಕುರ್ಚಿಯ ತುದಿಯಲ್ಲಿ ಕೂತು ಕೈ ಬೀಸುತ್ತಿದ್ದರು. "ಇಲ್ಲಿ ಜರ್ಕ್ ಇಲ್ಲ, ನಿಜ. ಆದ್ರೆ ಬೆರಳು ನೋಡಿ. ಕೈ ಆಡಿಸಿದಾಗೆಲ್ಲ ಬಾಚಣಿಗೆ ಹಲ್ಲಿನ ಹಾಗೆ ಸೀಳಿ ಸೀಳಿ ಕಾಣ್ತಿದೆ. ನನಗೇ ಅರ್ಧ ಗೊತ್ತಾಗ್ತಿಲ್ಲ. ಅಮ್ಮ ಬಲು ಬೇಗ ಮಾತಾಡೋರು."

ಬಾಚಣಿಗೆ ಹಲ್ಲು ನನಗೂ ಕಾಣುತ್ತಿತ್ತು. ಎಷ್ಟೋ ವರ್ಷದಿಂದ ಕಾಣುತ್ತಿತ್ತು. ಕಂಪ್ಯೂಟರಿನಲ್ಲಿ ಎಲ್ಲ ಟೇಪೂ ಹಾಗೇ ಕಾಣುವುದು ಅಂತ ಸುಮ್ಮನಿದ್ದವನು ನಾನು.

"ಟೇಪ್ ಎರಡು ದಿನ ಇಲ್ಲೇ ಇರ್ಲಿ" ಅಂತ ಬೇಡಿಕೊಂಡೆ.

ಆ ಸಂಜೆ ಡಿಸ್ಕನ್ನು ಮಹಡಿಗೆ ಒಯ್ದು, ಹೆಂಡತಿಯ ಧಾರಾವಾಹಿಗೆ ಅಡ್ಡ ಬಂದು, ಟಿ.ವಿ.ಯಲ್ಲಿ ಹಾಕಿದೆ. ಗೋಡೆ, ಕುರ್ಚಿ, ಕಿಟಕಿ ಎಲ್ಲ ನೆಟ್ಟಗೆ ನಿಂತಿವೆ. ಆ ತಾಯಿ ಸುಮ್ಮನೆ ಕೂತಾಗ ಅವರೂ ನೆಟ್ಟಗಿದ್ದಾರೆ. ಕೈ ಎತ್ತಿದರೋ, ಕೈ ನಡುಗುತ್ತ, ಮುಗ್ಗರಿಸುತ್ತ, ಚಳಿ ಹಿಡಿದವರ ಹಾಗೆ ಮೇಲೆ ಹೋಗುತ್ತದೆ.

"ಪಾಪ, ಆಯಮ್ಮನಿಗೆ ಏನು ಕಾಯಿಲೆ?" ಅಂದಳು ಹೆಂಡತಿ.

"ಕಾಯಿಲೆ ಆಯಮ್ಮನಿಗಲ್ಲ, ನನ್ನ ಡಿಸ್ಕಿಗೆ."

"ಕಿವಿಯಲ್ಲಿ ನೋಡಿ ಕಳಿಸಿದ್ರಾ?"

ನಾನು ರಿಮೋಟನ್ನು ತಿರುವಿ ತಿರುವಿ ನೋಡಿದೆ. ಅವಳೇ ಮುಂದುವರಿಸಿದಳು. "ನಾಳೆಯಿಂದ ಸಾರಿಗೆ ಉಪ್ಪು ಸರಿ ಇದೆಯಾ ಅಂತಾನೂ ಕಿವಿಯಲ್ಲೇ ನೋಡಿ ಹೇಳಿ."

ಆದರೆ ಕಥೆ ಕೇಳಿದ ಮೇಲೆ ತಮಾಷೆ ಬಿಟ್ಟಳು. ಸ್ವಲ್ಪ ಹೊತ್ತು ಯೋಚಿಸಿ ಕೇಳಿದಳು, "ಅವರಪ್ಪ ಏನು ಕೆಲಸ ಮಾಡೋರು?"

"ಪ್ರೆಸ್ಸಿನಲ್ಲಿ ಬೈಂಡಿಂಗ್ ಮಾಡ್ತಿದ್ರಂತೆ."

"ಹಾಗಾದ್ರೆ ನೀವು ಡಿಸ್ಕ್ ಸರಿ ಮಾಡಿ ಕರೆಯೋಕೆ ಹೋಗ್ಬೇಡಿ, ಬರಲ್ಲ. ಕೆಲಸ ಇದೆ ಅಂತ ಕರೆಸಿ. ನಿಮ್ಮ ಮಾದರಿ ಆಲ್ಬಮ್ ಬೆನ್ನು ಮುರಿದು ಹಾಳೆ ಉದುರ್ತಿದೆ. ಕೆಲಸ ಗೊತ್ತಿರೋ ಕೈ ಸುಮ್ಮನೆ ಇರಲ್ಲ."

ನನ್ನ ಹೆಂಡತಿಯ ತಲೆ ಹೀಗೆ ಓಡುವಾಗ ನಾನು ದಾರಿ ಬಿಟ್ಟು ನಿಲ್ಲುತ್ತೇನೆ.

ಮಾರನೇ ದಿನ ಭಾನುವಾರ. ಹನ್ನೊಂದು ಗಂಟೆಗೆ ಲ್ಯಾಬ್ ಮೇಡಂ, ನಾವು ಹೇಳಿಕೊಟ್ಟ ಹಾಗೆ ಆಲ್ಬಮ್ ಕೆಲಸದ ನೆಪ ಹೇಳಿ, ಅಪ್ಪನನ್ನು ಕರೆದುಕೊಂಡು ಬಂದಳು. ಎತ್ತರದ ಮನುಷ್ಯ, ಇಸ್ತ್ರಿ ಮಾಡಿದ ಅಂಗಿ. ಬೆರಳ ತುದಿಗಳು ವರ್ಷಗಟ್ಟಲೆ ಅಂಟು ಕುಡಿದು ಕೊಂಬಿನ ಹಾಗೆ ಗಟ್ಟಿಯಾಗಿದ್ದವು. ಎರಡು ಕೈಯನ್ನೂ ಬೆನ್ನ ಹಿಂದೆ ಕಟ್ಟಿಕೊಂಡು ನಿಂತರು. ನಾನು ಆಲ್ಬಮ್ ಮುಂದಿಟ್ಟೆ. ಅದನ್ನು ನೋಡುತ್ತಲೇ ಅವರ ಮೂಗಿನ ಹೊಳ್ಳೆ ಅಗಲವಾಯಿತು. ಇಂಥ ಬೈಂಡಿಂಗ್ ಮಾಡಿದವನನ್ನು ಏನು ಮಾಡಬೇಕು ಅನ್ನುವ ಮುಖ. ಕೈ ಬೆನ್ನಿನಿಂದ ಮುಂದೆ ಬಂತು.

ಮಹಡಿಯ ನಡುಮನೆಯಲ್ಲಿ ಕೂರಿಸಿದೆವು. ಅವರು ಚೀಲದಿಂದ ದಪ್ಪ ಸೂಜಿ, ಮೇಣ ಸವರಿದ ದಾರ, ಹಾಳೆಯ ಮಡಿಕೆ ಒತ್ತುವ ಮೂಳೆಯ ಪಟ್ಟಿ ತೆಗೆದು ಹಳೆಯ ಹೊಲಿಗೆ ಬಿಚ್ಚತೊಡಗಿದರು. ನನ್ನ ಹೆಂಡತಿ ಚಹಾ ತಂದಿಟ್ಟಳು. ಮಗಳು ನನ್ನ ಕಡೆ ನೋಡಿದಳು, ನಾನು ಹೆಂಡತಿಯ ಕಡೆ ನೋಡಿದೆ. ಹೆಂಡತಿ ಏನೂ ಗೊತ್ತಿಲ್ಲದವಳ ಹಾಗೆ ಹೋಗಿ ಟಿ.ವಿ.ಯಲ್ಲಿ ಅದೇ ಡಿಸ್ಕ್ ಹಾಕಿದಳು.

ಹೂವಿನ ಸೀರೆ ಕಂಡ ಕೂಡಲೇ ಬೈಂಡರ ಕೈಯಲ್ಲಿದ್ದ ಸೂಜಿ ನಿಂತಿತು. ಮಗಳ ಮುಖವನ್ನೊಮ್ಮೆ ನೋಡಿದರು. ಮೋಸ ಮಾಡಿ ಕರೆತಂದೆಯಾ ಅಂತ ಕೇಳಲು ಕೈ ಬೇಕಾಗಿರಲಿಲ್ಲ. ಎದ್ದು ಹೊರಟೇಬಿಡುತ್ತಾರೆ ಅಂದುಕೊಂಡೆ. ಎದ್ದರು ಕೂಡ. ಆದರೆ ಬಾಗಿಲ ಕಡೆ ಹೋಗಲಿಲ್ಲ, ಟಿ.ವಿ. ಹತ್ತಿರ ಹೋಗಿ ಮಂಡಿಯೂರಿ ಕೂತು, ತೆರೆಯಲ್ಲಿ ತಮ್ಮ ಹೆಂಡತಿಯ ನಡುಗುವ ಕೈಯನ್ನೇ ನೋಡತೊಡಗಿದರು. ಮನೆಯಲ್ಲಿ ಅವರು ತಮ್ಮ ಹೆಂಡತಿಯನ್ನು ನೋಡಲು ಕೂತಿದ್ದರು. ಈಗ, ಕೈಯಲ್ಲಿ ಸೂಜಿ ಇದ್ದದ್ದಕ್ಕೋ ಏನೋ, ಕೆಟ್ಟ ಕೆಲಸವೊಂದನ್ನು ನೋಡುವವರ ಹಾಗೆ ನೋಡುತ್ತಿದ್ದರು.

ನನ್ನ ಕಡೆ ತಿರುಗಿ ಕೈ ಚಾಚಿದರು. ರಿಮೋಟ್ ಕೊಟ್ಟೆ. ನಿಧಾನ ಓಡಿಸುವ ಗುಂಡಿ ಒತ್ತಿದರು. ತೆರೆಯ ಮೇಲಿನ ಕೈ ಮೂರು ಹೆಜ್ಜೆ ಮೇಲೆ ಹೋಯಿತು, ಒಂದು ಹೆಜ್ಜೆ ಹಿಂದೆ ಬಂತು. ಮತ್ತೆ ಮುಂದೆ, ಮತ್ತೆ ಹಿಂದೆ. ಅವರು ತಲೆ ತೂಗಿದರು. ಬಿಚ್ಚಿಟ್ಟಿದ್ದ ಆಲ್ಬಮ್ಮಿನಿಂದ ಒಂದು ಕಟ್ಟು ಹಾಳೆ ತೆಗೆದುಕೊಂಡು ನನ್ನ ಎದುರು ಕೂತರು. ಪೆನ್ಸಿಲಿನಿಂದ ಮೂಲೆಯಲ್ಲಿ ಒಂದು, ಎರಡು, ಮೂರು, ನಾಲ್ಕು ಅಂತ ಬರೆದರು. ಬೆರಳಿಂದ ಸರಸರ ಹಾಳೆ ಹಾರಿಸಿ ತೋರಿಸಿದರು: ಸರಿ. ಆಮೇಲೆ ಎರಡನ್ನು ಒಂದರ ಮುಂದೆ ಇಟ್ಟರು, ನಾಲ್ಕನ್ನು ಮೂರರ ಮುಂದೆ ಇಟ್ಟರು. ಮತ್ತೆ ಹಾರಿಸಿದರು. ಎರಡು, ಒಂದು, ನಾಲ್ಕು, ಮೂರು. ಟಿ.ವಿ. ಕಡೆ ಬೆರಳು ತೋರಿಸಿ, ನನ್ನ ಎದೆಗೆ ಬೆರಳು ತೋರಿಸಿ, ಕೈಯಲ್ಲಿ ಏನೋ ಚುಟುಕಾಗಿ ಅಂದರು.

"ಏನಂತೆ?" ಅಂತ ಮಗಳನ್ನು ಕೇಳಿದೆ.

ಅವಳ ಕಣ್ಣು ತುಂಬಿತ್ತು, ತುಟಿಯಲ್ಲಿ ನಗು ಇತ್ತು. "ಹಾಳೆ ಒಂದೂ ಹರಿದಿಲ್ಲ, ಒಂದೂ ಕಳೆದಿಲ್ಲ, ಜೋಡಿಸಿದವನು ಕತ್ತೆ ಅಂತಿದಾರೆ."

ನಾನು ಧಡಕ್ಕನೆ ಎದ್ದು ಮೆಟ್ಟಿಲು ಇಳಿದೆ. ಸಿಟ್ಟಿನಿಂದಲ್ಲ. ಕತ್ತೆಗೆ ತನ್ನ ತಪ್ಪು ಗೊತ್ತಾಗಿತ್ತು.

ಇದನ್ನು ಸುಲಭವಾಗಿ ಹೇಳುತ್ತೇನೆ. ಟೇಪಿನ ಒಂದೊಂದು ಚಿತ್ರವೂ ಎರಡು ಅರ್ಧಗಳಿಂದ ಆಗಿರುತ್ತದೆ. ಬಾಚಣಿಗೆಯ ಒಂದು ಹಲ್ಲು ಬಿಟ್ಟು ಒಂದು ಹಲ್ಲನ್ನು ಮೊದಲು ತೋರಿಸಿ, ಬಿಟ್ಟದ್ದನ್ನು ಆಮೇಲೆ ತೋರಿಸಿದ ಹಾಗೆ. ಆ ಎರಡು ಅರ್ಧಗಳ ನಡುವೆ ಕಣ್ಣು ಮಿಟುಕಿಸುವಷ್ಟೂ ಹೊತ್ತು ಇರುವುದಿಲ್ಲ, ಆದರೆ ಅಷ್ಟರಲ್ಲೇ ಕೈ ಚೂರು ಸರಿದಿರುತ್ತದೆ. ಯಾವ ಅರ್ಧ ಮೊದಲು ಅಂತ ಡಿಸ್ಕ್ ಮಾಡುವಾಗ ನಾವು ಹೇಳಬೇಕು. ತಪ್ಪು ಹೇಳಿದರೆ ಟಿ.ವಿ. ಪಾಪ ಹೇಳಿದ ಹಾಗೆ ಕೇಳುತ್ತದೆ, ಆಮೇಲಿನದನ್ನು ಮೊದಲು, ಮೊದಲಿನದನ್ನು ಆಮೇಲೆ ತೋರಿಸುತ್ತದೆ. ಗೋಡೆಗೆ, ಕುರ್ಚಿಗೆ ಏನೂ ಆಗುವುದಿಲ್ಲ, ಅವು ಅಲುಗುವುದಿಲ್ಲವಲ್ಲ. ಅಲುಗಿದ್ದೆಲ್ಲ ಮುಂದೆ ಹಿಂದೆ ಮುಗ್ಗರಿಸುತ್ತದೆ. ಕಂಪ್ಯೂಟರ್ ಎರಡೂ ಅರ್ಧವನ್ನು ಒಟ್ಟಿಗೇ ಹಾಕಿ ತೋರಿಸುವುದರಿಂದ ಅಲ್ಲಿ ಈ ತಪ್ಪು ಕಾಣುವುದಿಲ್ಲ, ಸೀಳು ಸೀಳಾದ ಬೆರಳು ಮಾತ್ರ ಕಾಣುತ್ತದೆ.

ನನ್ನ ಹತ್ತಿರ ಬರುತ್ತಿದ್ದದ್ದು ಬಹುಪಾಲು ಮದುವೆಯ ದೊಡ್ಡ ಕ್ಯಾಸೆಟ್ಟುಗಳು. ಅವನ್ನು ಇಳಿಸಿಕೊಳ್ಳುವ ನನ್ನ ಯಂತ್ರಕ್ಕೆ ಮೇಲಿನ ಗೆರೆಯ ಅರ್ಧ ಮೊದಲು. ಅಂಗಡಿ ಶುರು ಮಾಡಿದಾಗ ಯಾರೋ ಹಾಗೆ ಇಟ್ಟುಕೊಟ್ಟಿದ್ದರು, ನಾನು ಅದನ್ನು ಮುಟ್ಟಿರಲಿಲ್ಲ. ಲ್ಯಾಬ್ ಮೇಡಂ ತಂದಿದ್ದು ಅಂಗೈಯಲ್ಲಿ ಮುಚ್ಚಿಹೋಗುವಷ್ಟು ಚಿಕ್ಕ ಡಿಜಿಟಲ್ ಟೇಪು. ಅದನ್ನು ನನ್ನ ಚಿಕ್ಕ ಕ್ಯಾಮೆರಾದಿಂದ ನೇರವಾಗಿ ಇಳಿಸಿಕೊಂಡಿದ್ದೆ. ಅದಕ್ಕೆ ಕೆಳಗಿನ ಗೆರೆಯ ಅರ್ಧ ಮೊದಲು. ದೊಡ್ಡಣ್ಣನ ಅಂಗಿಯನ್ನು ಚಿಕ್ಕ ತಮ್ಮನಿಗೆ ತೊಡಿಸಿ ಯಾಕೆ ಎಡವುತ್ತೀಯಾ ಅಂತ ಕೇಳಿದ ಹಾಗಾಗಿತ್ತು ನನ್ನ ಕೆಲಸ.

ಕಂಪ್ಯೂಟರಿನ ಆಯ್ಕೆಯ ಪಟ್ಟಿಯಲ್ಲಿ ಒಂದು ಚುಕ್ಕೆ, ಅಷ್ಟೇ. ಮೇಲಿನ ಸಾಲಿನಲ್ಲಿದ್ದ ಚುಕ್ಕೆಯನ್ನು ಕೆಳಗಿನ ಸಾಲಿಗೆ ಸರಿಸಿದೆ. ಹಾಗೆ ಮಾಡುವಾಗ ಹಿಂದೆ ಹೀಗೇ ಬಂದ ಚಿಕ್ಕ ಟೇಪುಗಳೆಲ್ಲ ನೆನಪಾದವು. ಯಾವುದೋ ಮಗುವಿನ ಮೊದಲ ಹೆಜ್ಜೆ, ಯಾರದೋ ಓಟದ ಪಂದ್ಯ. ಎಲ್ಲರೂ ನಮ್ಮ ಪ್ಲೇಯರೇ ಸರಿ ಇಲ್ಲ ಅಂದುಕೊಂಡು ಸುಮ್ಮನಾಗಿರಬೇಕು. ಆ ಚೀಟಿಗಳನ್ನೆಲ್ಲ ಹುಡುಕಿ ಒಬ್ಬೊಬ್ಬರಿಗೂ ಹೊಸ ಡಿಸ್ಕ್ ಕೊಡಲು ನನಗೆ ಆಮೇಲೆ ಎರಡು ತಿಂಗಳು ಹಿಡಿಯಿತು.

ಐವತ್ತು ನಿಮಿಷದ ಚಿತ್ರವನ್ನು ಮತ್ತೆ ಹೊಸದಾಗಿ ಅಣಿಮಾಡಲು ನನ್ನ ಮುದಿ ಕಂಪ್ಯೂಟರಿಗೆ ನಾಲ್ಕೂವರೆ ಗಂಟೆ ಬೇಕು. ಕಾಯುತ್ತೀರಾ ಅಂತ ಮಗಳ ಮೂಲಕ ಕೇಳಿಸಿದೆ. ಬೈಂಡರು ಆಲ್ಬಮ್ ತೋರಿಸಿದರು: ಈ ಹಾಳು ಕೆಲಸವೂ ಅಷ್ಟೇ ಹೊತ್ತು ಹಿಡಿಯುತ್ತದೆ. ನಮ್ಮ ಮನೆಯಲ್ಲೇ ಊಟ ಮಾಡಿದರು. ಮಗಳು ತರಕಾರಿ ಹೆಚ್ಚಿಕೊಟ್ಟಳು. ನನ್ನ ಹೆಂಡತಿ ಅವಳಿಂದ ನಾಲ್ಕಾರು ಕೈಮಾತು ಕಲಿತು, ಅನ್ನ ಬೇಕಾ, ಸಾಕಾ ಅಂತ ಬೈಂಡರನ್ನು ಕೇಳಿದಳು. ಅವರು ತಲೆಯನ್ನಷ್ಟೇ ಆಡಿಸಿದರು. ಕೈ ಎತ್ತಲಿಲ್ಲ.

"ಕತ್ತೆ ಅಂದಿದ್ರಲ್ಲ" ಅಂತ ನಾನು ಮಗಳ ಕಿವಿಯಲ್ಲಿ ಪಿಸುಗುಟ್ಟಿದೆ.

"ಅದು ಕೆಲಸದ ಮಾತು ಅಣ್ಣ. ಕೆಲಸದ ಮಾತು ಬೇರೆ" ಅಂದಳು. "ಪಿಸುಗುಡೋದು ಯಾಕೆ, ಜೋರಾಗೇ ಹೇಳಿ. ಅವರಿಗೆ ಕೇಳಲ್ಲ."

ಸಂಜೆ ಐದರ ಸುಮಾರಿಗೆ ಡಿಸ್ಕ್ ತಯಾರಾಯಿತು. ಬಿಸಿ ಇನ್ನೂ ಆರದ ಡಿಸ್ಕನ್ನು ಎರಡು ಬೆರಳಲ್ಲಿ ಹಿಡಿದು ಮಹಡಿ ಹತ್ತಿದೆ. ಮೊದಲು ನಾನೇ ಪರೀಕ್ಷೆ ಮಾಡಿ ನೋಡಬೇಕಾಗಿತ್ತು. ಆದರೆ ಅಷ್ಟು ಹೊತ್ತಿಗೆ ಆಲ್ಬಮ್ ಹೊಲಿದು, ಅಂಟು ಹಾಕಿ, ಮೇಲೊಂದು ಭಾರ ಹೇರಿ, ಅವರು ಕೈ ಒರೆಸಿಕೊಳ್ಳುತ್ತಿದ್ದರು. ಇನ್ನು ಅವರನ್ನು ಹಿಡಿದು ಕೂರಿಸಲು ನಮ್ಮ ಹತ್ತಿರ ಕೆಲಸ ಉಳಿದಿರಲಿಲ್ಲ.

ಡಿಸ್ಕ್ ಹಾಕಿದೆ. ಫ್ಯಾನಿನ ಸದ್ದು ಬಂತು. ಆ ಸದ್ದು ಕೇಳಿ ಏನೂ ತಿಳಿಯುವುದಿಲ್ಲ ಅಂತ ಈಗ ನನಗೆ ಗೊತ್ತಿತ್ತು. ಆ ತಾಯಿ ಕುರ್ಚಿಯ ತುದಿಗೆ ಸರಿದು ಕೂತರು, ಸೀರೆಯ ಸೆರಗು ಸರಿಮಾಡಿಕೊಂಡರು, ಕೈ ಎತ್ತಿದರು.

ಕೈ ಹರಿಯಿತು. ಬೇರೆ ಹೇಗೆ ಹೇಳಲಿ? ಮೊಣಕೈಯಿಂದ ಬೆರಳ ತುದಿಯ ತನಕ ಒಂದೇ ಸಮನೆ, ನೀರು ಇಳಿಜಾರು ಹುಡುಕಿಕೊಂಡ ಹಾಗೆ. ನನಗೆ ಆ ಭಾಷೆಯ ಒಂದಕ್ಷರ ಬರುವುದಿಲ್ಲ. ಆದರೂ ಆಯಮ್ಮ ಬೈಯುತ್ತಿದ್ದಾರೆ ಅಂತ ಮೊದಲ ಕ್ಷಣಕ್ಕೇ ತಿಳಿಯಿತು.

"ಕ್ಯಾಮೆರಾ ನೆಟ್ಟಗೆ ಹಿಡೀರಿ, ನನ್ನ ತಲೆ ಕತ್ತರಿಸ್ತಿದೀರಿ ಅಂತಿದಾರೆ" ಅಂದಳು ಮಗಳು. ತೆರೆಯಲ್ಲಿ ಚಿತ್ರ ಕುಲುಕಿ ತಲೆ ಪೂರ್ತಿ ಕಂಡಿತು. "ಅಪ್ಪ ಪ್ರೆಸ್ಸಿನ ಯಜಮಾನರಿಂದ ಒಂದು ದಿನಕ್ಕೆ ಕ್ಯಾಮೆರಾ ಕೇಳಿ ತಂದಿದ್ರು. ಎರಡೂ ಕೈಯಲ್ಲಿ ಹಿಡ್ಕೊಂಡಿದ್ರು, ಬೀಳಿಸಿದ್ರೆ ಗತಿ ಏನು ಅಂತ. ಅಮ್ಮನಿಗೆ ಅದೇ ಬೇಕಾಗಿತ್ತು." ಅವಳು ನಗತೊಡಗಿದಳು. "ಇವತ್ತು ನಿಮ್ಮ ಎರಡೂ ಕೈ ಕಟ್ಟಿದೆ, ತಿರುಗಿ ಮಾತಾಡೋಕೆ ಆಗಲ್ಲ, ಟೇಪ್ ಮುಗಿಯೋ ತನಕ ನನ್ನ ಸರದಿ, ಸುಮ್ಮನೆ ಕೇಳಿ ಅಂತಿದಾರೆ."

ಆಮೇಲೆ ಶುರುವಾಯಿತು ನೋಡಿ. ಇಪ್ಪತ್ತೊಂಬತ್ತು ವರ್ಷದ ದೂರುಗಳು. ಅಂಟಿನ ಕೈಯನ್ನು ಪರದೆ ಬಟ್ಟೆಗೆ ಒರೆಸುವುದು. ಊರಿನವರ ಪುಸ್ತಕವನ್ನೆಲ್ಲ ಚೆಂದ ಬೈಂಡ್ ಮಾಡಿ, ಮನೆಯ ವಿಳಾಸದ ಪುಸ್ತಕವನ್ನು ತಲೆಕೆಳಗಾಗಿ ಹೊಲಿದದ್ದು. ಮೊಣಕಾಲು ನೋಯುತ್ತಿದ್ದರೂ ಹೇಳದೆ, ಮೆಟ್ಟಿಲ ಹತ್ತಿರ ನಿಂತು ಹಾದಿಹೋಕರನ್ನು ನೋಡುವ ಸೋಗು ಹಾಕುವುದು. ಮಗಳು ಒಂದೊಂದನ್ನೇ ನಮಗೆ ಬಾಯಲ್ಲಿ ಹೇಳುತ್ತಿದ್ದಳು. ನನ್ನ ಹೆಂಡತಿ ಪ್ರತಿಯೊಂದಕ್ಕೂ ನನ್ನ ಕಡೆ ನೋಡಿ ತಲೆಯಾಡಿಸುತ್ತಿದ್ದಳು.

"ಜಗಳ ಜೋರಾದಾಗೆಲ್ಲ ಹೋಗಿ ಲೈಟ್ ಆರಿಸ್ತೀರಲ್ಲ, ಅದು ಯಾವ ನ್ಯಾಯ ಅಂತ ಕೇಳ್ತಿದಾರೆ. ಇಷ್ಟು ವರ್ಷ ನೀವು ಗೆದ್ದಿದ್ದೆಲ್ಲ ಕತ್ತಲಲ್ಲಿ. ಬೆಳಕಲ್ಲಿ ಒಂದು ದಿನ ಗೆಲ್ಲಿ ನೋಡೋಣ ಅಂತ."

ಬೈಂಡರು ಅಲುಗದೆ ಕೂತಿದ್ದರು. ಕೈ ಎರಡೂ ಮಂಡಿಯ ಮೇಲೆ, ಒಂದು ಕಾಣದ ಕ್ಯಾಮೆರಾವನ್ನು ಇನ್ನೂ ಹಿಡಿದಿರುವವರ ಹಾಗೆ ಅರ್ಧ ಮಡಚಿದ್ದವು. ಆದರೆ ಮೂರು ನಿಮಿಷ ಕಳೆಯಿತು, ಹತ್ತು ಕಳೆಯಿತು, ಅವರು ಏಳಲಿಲ್ಲ. ಕೈ ತೊದಲುತ್ತಿದೆ ಅನ್ನಲಿಲ್ಲ.

ಟೇಪಿನ ಕೊನೆಗೆ ಆ ತಾಯಿ ಬಗ್ಗಿ ಕ್ಯಾಮೆರಾವನ್ನೇ ದಿಟ್ಟಿಸಿದರು. ಬೈಗುಳ ಮುಗಿದು ಮುಖ ಸಡಿಲಾಗಿತ್ತು. ಕೈ ನಿಧಾನವಾಗಿ, ದೊಡ್ಡದಾಗಿ ಆಡಿತು.

"ಕೆಂಪು ದೀಪ ಮಿಣುಕ್ತಿದೆ, ಟೇಪ್ ಮುಗೀತು ಅಂತ ಕಾಣತ್ತೆ. ಈಗ ಅದನ್ನ ಕೆಳಗಿಡಿ. ನಿಮ್ಮದೇನಿದೆ, ಹೇಳಿ." ಮಗಳ ದನಿ ಅಲ್ಲಿಗೆ ಸಣ್ಣದಾಯಿತು. ತೆರೆ ನೀಲಿಯಾಯಿತು.

ಕಿಟಕಿಯಲ್ಲಿ ಸಂಜೆ ಮಸುಕಾಗುತ್ತಿತ್ತು. ಮಗಳು ಅಪ್ಪನ ಎದುರು ಬಂದು ಕೂತು ಕೈಯಲ್ಲಿ ಏನೋ ಕೇಳಿದಳು. ನಮಗಾಗಿ ಬಾಯಲ್ಲೂ ಹೇಳಿದಳು, "ಆಮೇಲೆ ನೀವೇನು ಹೇಳಿದ್ರಿ ಅಂತ ಕೇಳ್ದೆ."

ಬೈಂಡರ ಬಲಗೈ ಮಂಡಿ ಬಿಟ್ಟು ಮೇಲೆದ್ದಿತು. ಗೋಡೆಯ ಗುಂಡಿ ಒತ್ತುವ ಹಾಗೆ ಬೆರಳೊಂದನ್ನು ಕೆಳಗೆ ತಟ್ಟಿದರು.

"ಲೈಟ್ ಆರಿಸಿದೆ, ಅಂತಿದಾರೆ" ಅಂದಳು ಮಗಳು. "ತಮಾಷೆಗೆ. ಅವಳೂ ನಕ್ಕಳು. ಆಮೇಲೆ ಹೇಳೋಣ ಅಂದ್ಕೊಂಡೆ. ಆಮೇಲೆ ಹೇಳಲೇ ಇಲ್ಲ."

ಅವಳು ಹೇಳುವುದನ್ನು ನಿಲ್ಲಿಸಲಿಲ್ಲ. ಯಾಕೆಂದರೆ ಅಪ್ಪನ ಕೈ ನಿಂತಿರಲಿಲ್ಲ. ಎಡಗೈಯೂ ಎದ್ದಿತ್ತು. ಮೊದಲು ತಡವರಿಸುತ್ತ, ತುಕ್ಕು ಹಿಡಿದ ತಿರುಗಣಿಯ ಹಾಗೆ, ಆಮೇಲೆ ಬೇಗಬೇಗ. ಅವರು ಮಗಳನ್ನು ನೋಡುತ್ತಿರಲಿಲ್ಲ. ಟಿ.ವಿ.ಯ ನೀಲಿ ತೆರೆಯನ್ನು ನೋಡಿ ಮಾತಾಡುತ್ತಿದ್ದರು.

"ಪರದೆ ಬಟ್ಟೆಗೆ ಒರೆಸಿದ್ದು ಒಂದೇ ಸಲ ಅಂತೆ." ಮಗಳು ಅಳುತ್ತಲೇ ನಕ್ಕಳು. "ವಿಳಾಸದ ಪುಸ್ತಕ ತಲೆಕೆಳಗಾಗಿದ್ದು ಇವರ ತಪ್ಪಲ್ವಂತೆ. ಹಾಳೆ ಜೋಡಿಸಿಕೊಟ್ಟವಳು ಅವಳಂತೆ. ಅಕ್ಕ, ಅಪ್ಪ ಜಗಳ ಆಡ್ತಿದಾರೆ."

"ಆಡ್ಲಿ ಬಿಡು" ಅಂದಳು ನನ್ನ ಹೆಂಡತಿ. ಮೂಗು ಒರೆಸಿಕೊಂಡು ನನಗೆ ಹೇಳಿದಳು, "ನೀವೂ ಕಲೀರಿ. ನಾನು ಕೇಳಿದ್ದಕ್ಕೆ ನೀವು ಉತ್ತರ ಕೊಟ್ಟು ಎಷ್ಟು ದಿನ ಆಯ್ತು."

"ಸಾರಿಗೆ ಉಪ್ಪು ಸರಿ ಇದೆ" ಅಂದೆ.

ಹೊತ್ತು ಮುಳುಗುತ್ತಿತ್ತು. ನಡುಮನೆಯಲ್ಲಿ ಟಿ.ವಿ.ಯ ನೀಲಿ ಬಿಟ್ಟರೆ ಎಲ್ಲ ಕಪ್ಪಾಗುತ್ತಿತ್ತು. ಬೈಂಡರ ಕೈ ಮಬ್ಬಿನಲ್ಲಿ ಕರಗುತ್ತಿರುವುದನ್ನು ಮಗಳು ಕಣ್ಣು ಕಿರಿದು ಮಾಡಿ ನೋಡುತ್ತಿದ್ದಳು. ಇದ್ದಕ್ಕಿದ್ದಂತೆ ಅವರು ಮಾತು ನಿಲ್ಲಿಸಿ ಎದ್ದು ನಿಂತರು. ಗೋಡೆಯ ಕಡೆ ನಡೆದರು. ಮಗಳು ನನ್ನ ಕಡೆ ನೋಡಿದಳು. ಅವಳ ಮುಖದಲ್ಲಿ ಅಲ್ಲಿಯ ತನಕ ಇದ್ದ ಬೆಳಕು ಹೋಯಿತು. ಮುಗಿಯಿತು ಅಂತ ನಾನೂ ಅಂದುಕೊಂಡೆ.

ಅವರು ಗುಂಡಿ ತಡಕಿ ಒತ್ತಿದರು. ನಡುಮನೆ ತುಂಬ ಬೆಳಕಾಯಿತು.

ವಾಪಸ್ ಬಂದು ಕೂತು, ಕುರ್ಚಿಯನ್ನು ಟಿ.ವಿ. ಹತ್ತಿರಕ್ಕೆ ಎಳೆದುಕೊಂಡರು. ಅಂಗಿಯ ತೋಳನ್ನು ಮೊಣಕೈ ತನಕ ಮಡಚಿದರು. ರಿಮೋಟ್ ಎತ್ತಿಕೊಂಡು ಡಿಸ್ಕನ್ನು ಮೊದಲಿಗೆ ಓಡಿಸಿದರು. ಹೂವಿನ ಸೀರೆ ಮತ್ತೆ ಬಂತು, ಕ್ಯಾಮೆರಾ ನೆಟ್ಟಗೆ ಹಿಡೀರಿ ಅಂತ ಮೊದಲ ಬೈಗುಳ ಬಿತ್ತು. ಬೈಂಡರು ಅಲ್ಲಿಗೇ ನಿಲ್ಲಿಸಿ, ರಿಮೋಟನ್ನು ತೊಡೆಯ ಮೇಲಿಟ್ಟು, ಎರಡೂ ಕೈ ಎತ್ತಿದರು.